ಹತ್ತನೇ ನಂಬರಿನ ಸೂಜಿ

ನಮ್ಮ ಕಾನ್ವೆಂಟಿನಲ್ಲಿ ಎಂಬ್ರಾಯ್ಡರಿ ಕಲಿಸುತ್ತಿದ್ದ ಸಿಸ್ಟರ್‌ಗೆ ಸೂಜಿಯ ನಂಬರು ಜಪಮಾಲೆಯಷ್ಟೇ ಪವಿತ್ರ. ನಂಬರು ಏರಿದಷ್ಟೂ ಸೂಜಿ ಸಣ್ಣದಾಗುತ್ತದೆ. ಒರಟು ಬಟ್ಟೆಗೆ ಮೂರು, ಕಾಟನ್ನಿಗೆ ಏಳು, ತೆಳ್ಳನೆಯ ಮಲ್ ಬಟ್ಟೆಗೆ ಹತ್ತು. ಮಲ್ ಬಟ್ಟೆಗೆ ಏಳನೇ ನಂಬರು ಚುಚ್ಚಿದ ಹುಡುಗಿಯ ಬೆರಳಿಗೆ ಮರದ ಸ್ಕೇಲಿನ ಏಟು ಬೀಳುತ್ತಿತ್ತು. "ಚೈಲ್ಡ್, ಸೂಜಿ ಒಳಗೆ ಹೋಗಿ ಬಂದದ್ದು ಬಟ್ಟೆಗೆ ಗೊತ್ತಾಗಬಾರದು" ಅನ್ನುತ್ತಿದ್ದರು. ನಲವತ್ತು ದಾಟುವವರೆಗೂ ನಾನು ಆ ಮಾತನ್ನು ನಂಬಿಕೊಂಡೇ ಇದ್ದೆ. ನಂಬದೇ ಇದ್ದಿದ್ದರೆ ಒಬ್ಬ ಹೆಂಗಸು ತನ್ನ ಸ್ಕೂಲಿನಲ್ಲಿ ನೆಮ್ಮದಿಯಾಗಿ ಮುಖ ತೊಳೆದುಕೊಳ್ಳುತ್ತಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಆರ್.ಟಿ. ನಗರದ ನಮ್ಮ ಮನೆಯ ಮುಂದಿನ ರೂಮಿನಲ್ಲಿ ನಾನೊಂದು ಬ್ಯೂಟಿ ಪಾರ್ಲರ್ ಇಟ್ಟಿದ್ದೆ. ಪಾರ್ಲರ್ ಅಂದರೆ ಒಂದು ತಿರುಗುವ ಕುರ್ಚಿ, ಒಂದು ಉದ್ದ ಕನ್ನಡಿ, ಹಿಂದೆ ಒಂದು ಬೇಸಿನ್, ಕಿಟಕಿಗೆ ಲೇಸ್ ಕರ್ಟನ್. ಹೆಂಗಸರು ರಸ್ತೆಯ ಆ ಕಡೆ ಈ ಕಡೆ ನೋಡಿ, ಪರಿಚಯದವರು ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಒಳಗೆ ನುಗ್ಗುತ್ತಿದ್ದ ಕಾಲ. ಬರುತ್ತಿದ್ದವರೆಲ್ಲ ಹೆಚ್ಚುಕಡಿಮೆ ಹುಬ್ಬಿಗೇ ಬರುತ್ತಿದ್ದರು. ನೂಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದೂ ಎಳೆದೂ ನನ್ನ ಮುಂದಿನ ಹಲ್ಲಿನಲ್ಲಿ ಒಂದು ಗೀರೇ ಬಿದ್ದಿತ್ತು.

ಆಕೆಯೂ ಬಂದದ್ದು ಹುಬ್ಬಿಗಾಗಿಯೇ, ಆದರೆ ಒಂದೇ ಹುಬ್ಬಿಗೆ. ಧಾರವಾಡದ ಕಡೆಯವರು, ಯಶವಂತಪುರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್, ನನಗಿಂತ ಹತ್ತು ವರ್ಷ ಚಿಕ್ಕವರು. ಸ್ಟೌವ್‌ಗೆ ಪಂಪ್ ಹೊಡೆಯುವಾಗ ಜ್ವಾಲೆ ಮುಖಕ್ಕೆ ಹಾರಿ ಬಲಗಡೆಯ ಹುಬ್ಬು ಸುಟ್ಟುಹೋಗಿತ್ತಂತೆ. ಗಾಯ ಮಾಯ್ದರೂ ಕೂದಲು ಮಾತ್ರ ವಾಪಸ್ ಬರಲಿಲ್ಲ.

"ದಿನಾ ಪೆನ್ಸಿಲ್ ಹಿಡದು ಬರೀತೀನ್ರಿ, ಬಾಯಾರ" ಅಂದರು. ಅವರ ಕಡೆ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. "ಲೆಕ್ಕದ ಟೀಚರ್ ಅಂತ ಹೆಸರಿಗಷ್ಟ. ಒಂದು ಕಮಾನು ನೆಟ್ಟಗ ಬರಿಯಾಕ ಬರಂಗಿಲ್ಲ. ಚೂರು ಮ್ಯಾಲ ಹೋದ್ರ, 'ಇವತ್ತ ಮಿಸ್ಸಿಗೆ ಡೌಟ್ ಬಂದೈತಿ' ಅಂತಾರ ಹುಡುಗ್ಯಾರು. ಕೆಳಗ ಇಳದ್ರ, 'ಸಿಟ್ಟಿನ್ಯಾಗ ಅದಾರ, ಟೆಸ್ಟ್ ಕೊಡ್ತಾರ ನೋಡ್' ಅಂತಾರ."

ನಾನು ನಕ್ಕೆ. ಅವರೂ ನಕ್ಕರು. ಆಮೇಲೆ ನಗು ನಿಲ್ಲಿಸಿ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ಹೇಳಿದರು. "ಚೆಂದ ಕಾಣೂದು ಬ್ಯಾಡ್ರಿ ನನಗ. ಮಧ್ಯಾಹ್ನ ಊಟದ ಬೆಲ್ ಆದ ಮ್ಯಾಲ ಎಲ್ಲಾ ಟೀಚರ್ಸ್ ನಳದ ಮುಂದ ನಿಂತು ಎರಡೂ ಕೈಲೆ ಮಾರಿ ತೊಳಕೋತಾರ. ಚಾಕ್‌ಪೀಸ್ ಧೂಳು, ಬೆವರು, ಎಲ್ಲಾ ಹೋಗತೈತಿ. ನಾ ಮಾತ್ರ ಒದ್ದಿ ಕರ್ಚೀಫ್‌ನ್ಯಾಗ ಮೂಗು ಒರಸ್ಕೊಂಡು ಕೂಡ್ತೀನಿ. ಎರಡೂ ಕೈಲೆ ಮಾರಿ ತೊಳಕೋಬೇಕು. ಅಷ್ಟ."

ಅವರ ಅಜ್ಜಿಯ ಕೈಮೇಲೆ ತುಳಸಿಕಟ್ಟೆಯ ಹಚ್ಚೆ ಇತ್ತಂತೆ, ಮುದುಕಿಯಾದರೂ ಒಂದು ಗೆರೆ ಮಾಸಿರಲಿಲ್ಲವಂತೆ. ಹಾಗೇ ಹುಬ್ಬನ್ನೂ ಹಾಕಬಹುದಲ್ಲ ಎಂದು ಕೇಳಿದರು. ನಾನಾದರೋ ಡೆಂಟಿಸ್ಟರ ವೇಟಿಂಗ್ ರೂಮಿನ ಯಾವುದೋ ಫಾರಿನ್ ಮ್ಯಾಗಜಿನ್‌ನಲ್ಲಿ ಅಂಥದೇ ಒಂದು ಸಂಗತಿ ಓದಿದ್ದೆ. ಸೂಜಿ ಎಂಥದು, ಬಣ್ಣ ಎಂಥದು ಎಂದೇನೂ ಅದರಲ್ಲಿ ಇರಲಿಲ್ಲ. ಸಾಧ್ಯ ಎಂದು ಮಾತ್ರ ಇತ್ತು. ನನ್ನಂಥವಳ ತಲೆ ಕೆಡಲು ಅಷ್ಟು ಸಾಕು.

ಹಚ್ಚೆ ಹಾಕುವವಳನ್ನು ಹುಡುಕಿಕೊಂಡು ಯಲಹಂಕದ ಸಂತೆಗೆ ಹೋದೆ. ಚಿಕ್ಕಜಾಲದ ಕಡೆಯಿಂದ ಬರುತ್ತಿದ್ದ ಒಬ್ಬ ಮುದುಕಿ ಬಳೆಗಾರನ ಪಕ್ಕದಲ್ಲಿ, ಹೊಂಗೆಮರದ ಕೆಳಗೆ ಗೋಣಿ ಹಾಸಿಕೊಂಡು ಕೂತಿದ್ದಳು. ಅವಳ ಮುಂದೆ ಒಬ್ಬ ಮದುವೆಯ ಹುಡುಗಿ ಮುಂಗೈ ಚಾಚಿ ಕಣ್ಣು ಮುಚ್ಚಿಕೊಂಡಿದ್ದಳು. ಮುದುಕಿ ಎಡಗೈಯಲ್ಲಿ ಚರ್ಮವನ್ನು ಹಪ್ಪಳದ ಹಿಟ್ಟಿನ ಹಾಗೆ ಬಿಗಿಯಾಗಿ ಎಳೆದು, ಬಲಗೈಯಲ್ಲಿ ಸಣ್ಣ ದನಿಯ ಪದದ ತಾಳಕ್ಕೆ ಕುಕ್ಕುತ್ತಿದ್ದಳು. ಪ್ರತಿ ಸಲ ಸೂಜಿ ಎದ್ದಾಗ ಟಪ್ ಅಂತ ಸಣ್ಣ ಸದ್ದು. ದೀಪದ ಕಾಡಿಗೆಗೆ ಯಾವುದೋ ಸೊಪ್ಪಿನ ರಸ ಕಲಸಿದ ಚಿಪ್ಪು ಮಣ್ಣಿನ ಮೇಲೇ ಇತ್ತು. ನೊಣ ಬೇರೆ. ಮೈ ಗಾಡ್, ಹೈಜೀನ್ ಎಂಬ ಮಾತೇ ಇಲ್ಲವಲ್ಲ ಅನ್ನಿಸಿತು.

ಹುಡುಗಿ ಎದ್ದುಹೋದ ಮೇಲೆ ಮುದುಕಿಗೆ ಸೂಜಿ ತೋರಿಸು ಎಂದೆ. ಒಂದಲ್ಲ, ಮೂರು ಹೊಲಿಗೆ ಸೂಜಿ, ಅವೂ ದಪ್ಪನವು. ಒಟ್ಟಿಗೆ ಸೇರಿಸಿ ದಾರ ಸುತ್ತಿ, ತುದಿಯಲ್ಲಿ ಅಕ್ಕಿನುಚ್ಚಿನಷ್ಟು ಮಾತ್ರ ಹೊರಗೆ ಬಿಟ್ಟಿದ್ದಳು.

"ಮೂರು ಯಾಕೆ? ಒಂದೇ ಸಣ್ಣ ಸೂಜಿ ಆದರೆ ನೋವು ಕಡಿಮೆ ಅಲ್ಲವಾ?"

"ಒಂದೇ ಸೂಜಿ ಕಳ್ಳ ಇದ್ದಂಗೆ ಅಮ್ಮಣ್ಣಿ, ಸಂದಿ ಸಿಕ್ರೆ ಸಾಕು ಒಳೀಕೆ ನುಗ್ಬುಡ್ತಾನೆ. ಮೂರು ಜನ ಇದ್ರೆ ಒಬ್ಬನ್ನ ಒಬ್ಬ ಇಡ್ಕೊಂಡಿರ್ತಾರೆ."

ಹುಬ್ಬು ಹಾಕುತ್ತೀಯಾ ಎಂದು ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದಳು. "ಅಣೆ ಮ್ಯಾಲೆ ಬೊಟ್ಟು ಆಕ್ತೀನಿ, ಗಲ್ಲಕ್ಕೆ ಆಕ್ತೀನಿ. ಉಬ್ಬು ಮಾತ್ರ ಆಕಕಿಲ್ಲ. ಅಚ್ಚೆ ಕರ್ರಗೆ ಉಳಿಯಕಿಲ್ಲ ತಾಯಿ, ಅಸ್ರಾಗ್ತದೆ. ಅಸ್ರು ಉಬ್ಬು ಇಟ್ಕೊಂಡು ಯಾರ್ಮನೆಗೆ ಓದಾಳು?" ನಾನೇ ಹಾಕಬೇಕೆಂದಿದ್ದೇನೆ ಎಂದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮೊದ್ಲು ನಿನ್ ಮೈಗೇ ಆಕ್ಕೊ. ಒಂದು ಮಳೆಗಾಲ ಕಳೀಲಿ. ಆಮ್ಯಾಕೆ ನೋಡಿ ಬೇರೇರ್ ಮೈ ಮುಟ್ಟು."

ಎಲ್ಲವನ್ನೂ ಹೇಳಿದ್ದಳು. ಈಗ ಯೋಚಿಸಿದರೆ ಸಿಟ್ಟು ಬರುವುದು ಅದಕ್ಕೇ. ಯಾರೂ ನನ್ನಿಂದ ಏನನ್ನೂ ಮುಚ್ಚಿಡಲಿಲ್ಲ. ಬಸ್ಸಿನಲ್ಲಿ ಹೆಬ್ಬಾಳ ದಾಟುವಷ್ಟರಲ್ಲೇ ನಾನು ಅವಳ ಮಾತುಗಳನ್ನು ಒಂದೊಂದಾಗಿ ಕಿಟಕಿಯಿಂದ ಆಚೆ ಎಸೆದಿದ್ದೆ. ಹಸಿರಾಗುವುದು ಅವಳ ಸೊಪ್ಪಿನ ರಸದಿಂದ, ತುಕ್ಕು ಹಿಡಿದ ಸೂಜಿಯಿಂದ. ನಾನು ಡ್ರಾಯಿಂಗ್‌ಗೆ ಬಳಸುವ ಒಳ್ಳೆಯ ಕಪ್ಪು ಇಂಕ್ ತರುತ್ತೇನೆ. ಸೂಜಿಯನ್ನು ಇಪ್ಪತ್ತು ನಿಮಿಷ ಕುದಿಸುತ್ತೇನೆ. ಸ್ಪಿರಿಟ್, ಹತ್ತಿ, ಎಲ್ಲ ಪ್ರಾಪರ್ ಆಗಿ. ಇನ್ನು ಮೂರು ದಪ್ಪ ಸೂಜಿ ಕಟ್ಟಿ ಕುಕ್ಕುವುದು ಗೋಣಿಚೀಲ ಹೊಲಿಯುವವರ ಕೆಲಸ. ಮುಖದ ಚರ್ಮ ಮಲ್ ಬಟ್ಟೆ. ಮಲ್ ಬಟ್ಟೆಗೆ ಹತ್ತನೇ ನಂಬರು.

ಬದನೆಕಾಯಿಯ ಮೇಲೆ ಪ್ರಾಕ್ಟಿಸ್ ಮಾಡಿದೆ, ಕಿತ್ತಳೆ ಸಿಪ್ಪೆಯ ಮೇಲೆ ಮಾಡಿದೆ. ಆಮೇಲೆ ಬಾಗಿಲು ಹಾಕಿಕೊಂಡು ನನ್ನ ತೊಡೆಯ ಮೇಲೆ ಎರಡು ಸಾಲು ಹಾಕಿಕೊಂಡೆ. ಮುದುಕಿಯ ಹಾಗೆ ಮೂರು ಸೂಜಿ ಕಟ್ಟಿ ಹಾಕಿದ ಸಾಲು ಚುಕ್ಕಿ ಚುಕ್ಕಿಯಾಗಿ, ಸಾಸಿವೆ ಚೆಲ್ಲಿದ ಹಾಗೆ ಕಂಡಿತು. ಹತ್ತನೇ ನಂಬರಿನ ಒಂಟಿ ಸೂಜಿಯದು ಕೂದಲೆಳೆಯಂಥ ಗೆರೆಗಳು, ನೋವೂ ಇಲ್ಲವೆನ್ನುವಷ್ಟು ಕಡಿಮೆ. ಮೂರು ವಾರ ಕಾದೆ. ಹಕ್ಕಳೆ ಉದುರಿದ ಮೇಲೂ ಆ ಗೆರೆಗಳು ಹಾಗೇ ಚೂಪಾಗಿದ್ದವು. ಮಳೆಗಾಲ ಕಳೆಯುವವರೆಗೆ ಕಾಯುವ ಪೇಷೆನ್ಸ್ ನಮ್ಮಿಬ್ಬರಿಗೂ ಇರಲಿಲ್ಲ. ಬೇಸಿಗೆ ರಜೆಯಲ್ಲೇ ಮುಗಿಸಿದರೆ ಜೂನ್‌ಗೆ ಸ್ಕೂಲು ತೆರೆಯುವ ಹೊತ್ತಿಗೆ ಗಾಯ ಒಣಗಿರುತ್ತದೆ ಎಂದು ಅವರ ಲೆಕ್ಕ.

ಮೇ ತಿಂಗಳ ಒಂದು ಬೆಳಗ್ಗೆ ಕುರ್ಚಿಯಲ್ಲಿ ಕೂರಿಸಿದೆ. ಎಡಗಡೆಯ ಹುಬ್ಬನ್ನು ನೋಡಿ ನೋಡಿ ಬಲಗಡೆ ಪೆನ್ಸಿಲಿನಲ್ಲಿ ಗುರುತು ಮಾಡಿ, ಒಂದೊಂದೇ ಕೂದಲನ್ನು ಬರೆಯುತ್ತಾ ಹೋದೆ. ಸೂಜಿ ಬೆಣ್ಣೆಯೊಳಗೆ ಇಳಿದಂತೆ ಇಳಿಯುತ್ತಿತ್ತು. ಟಪ್ ಎಂಬ ಸದ್ದು ಒಮ್ಮೆಯೂ ಬರಲಿಲ್ಲ. ಅದನ್ನು ನನ್ನ ಕೈಚಳಕ ಎಂದುಕೊಂಡೆ.

"ನೋವಾಗುತ್ತಿದೆಯಾ?"

"ಇಲ್ರಿ. ಇರುವಿ ಕಡದಂಗ ಐತಿ. ನಡೀರಿ ನೀವು."

ಮುಗಿದಾಗ ಅವರು ಕನ್ನಡಿಗೆ ಮುಖ ಹತ್ತಿರ ತಂದು ಒಂದೊಂದೇ ಹುಬ್ಬನ್ನು ಬೆರಳಿನಲ್ಲಿ ಮುಚ್ಚಿ ನೋಡಿದರು. ಎರಡು ಹುಬ್ಬು, ಒಂದರ ಪಡಿಯಚ್ಚು ಇನ್ನೊಂದು. ಜೂನ್ ತಿಂಗಳಲ್ಲಿ ಸ್ಕೂಲು ತೆರೆದ ದಿನ ಸಂಜೆ, ಮನೆಗೂ ಹೋಗದೆ, ಬ್ಯಾಗು ಹೆಗಲಿನಲ್ಲೇ ಇಟ್ಟುಕೊಂಡು ಪಾರ್ಲರಿನ ಬಾಗಿಲಲ್ಲಿ ನಿಂತರು. "ತೊಳಕೊಂಡೆನ್ರಿ" ಅಂದರು. ರವಿಕೆಯ ಕುತ್ತಿಗೆಯೆಲ್ಲ ಒದ್ದೆಯಾಗಿತ್ತು. ಅಷ್ಟು ಧಾರಾಳವಾಗಿ ತೊಳೆದುಕೊಂಡಿದ್ದರು.

ದಸರಾ ರಜೆಯ ಹೊತ್ತಿಗೆ ನನ್ನ ತೊಡೆಯ ಮೇಲೆ ಮೊದಲು ಗೊತ್ತಾಯಿತು. ಮುದುಕಿಯ ರೀತಿಯಲ್ಲಿ ಹಾಕಿದ ಸಾಲು ಸಾಸಿವೆಯಿಂದ ಒಂದು ತೆಳು ಗೆರೆಯಾಗಿ ಕೂಡಿಕೊಂಡು ಅಲ್ಲೇ ನಿಂತಿತ್ತು. ನನ್ನ ಕೂದಲೆಳೆಗಳು ಮಾತ್ರ ಬ್ಲಾಟಿಂಗ್ ಪೇಪರಿನ ಮೇಲೆ ಇಂಕ್ ಹರಡಿದ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಮುಂದಿನ ಸಲ ಆಕೆ ಬಂದಾಗ ಬೆಳಕಿಗೆ ಮುಖ ತಿರುಗಿಸಿ ನೋಡಿದೆ. ಅವರಿಗೆ ಆಗಲೇ ಗೊತ್ತಿತ್ತು. ಸಂಕ್ರಾಂತಿಗೆಲ್ಲ ಬಲಗಡೆಯ ಹುಬ್ಬು ಹಳೆಯ ತಾಮ್ರದ ಚೊಂಬಿನ ಅಂಚಿಗೆ ಹತ್ತುವ ಕಿಲುಬಿನ ಬಣ್ಣಕ್ಕೆ ಬಂದಿತ್ತು, ಎಡಗಡೆಯದಕ್ಕಿಂತ ಒಂದೂವರೆ ಪಟ್ಟು ದಪ್ಪವಾಗಿತ್ತು.

ಮತ್ತೆ ಯಲಹಂಕದ ಸಂತೆಗೆ ಹೋದೆ, ಈ ಸಲ ಅವರನ್ನೂ ಕರೆದುಕೊಂಡು. ಮುದುಕಿ ಹೆಬ್ಬೆರಳಿನಲ್ಲಿ ಹುಬ್ಬನ್ನು ಒಮ್ಮೆ ಸವರಿದಳಷ್ಟೆ.

"ಒಂದೇ ಸೂಜಿ. ಅದೂ ಕೂದ್ಲಂತದ್ದು."

"ಸಣ್ಣ ಸೂಜಿ ಆದರೆ ನೋವಾಗುವುದಿಲ್ಲ ಅಂತ, ಮೊದಲು ನನ್ನ ತೊಡೆಯ ಮೇಲೆ ಹಾಕಿ ನೋಡಿ..." ಎಂದು ನಾನು ಶುರುಮಾಡಿದೆ.

"ನೋವಾಗ್ದಿದ್ರೆ ನಿನ್ ಕೈಗೆ ಎಂಗೆ ಗೊತ್ತಾದಾತು ಎಲ್ಲಿ ನಿಲ್ಬೇಕು ಅಂತ? ಮೂರು ಸೂಜಿ ಆದ್ರೆ ಚರ್ಮ ಎದುರ್ಗೆ ಒದೀತದೆ, ಕೈ ಅಲ್ಲೇ ನಿಲ್ತದೆ. ಟಪ್ ಅಂತದೆ. ಇದು ಮೂಳೆ ತಾವ್ಕೆ ಓಗ್ಬುಟ್ಟದೆ. ತೊಡೆ ಮಾಂಸ ಬ್ಯಾರೆ, ಅಣೆ ಮೂಳೆ ಬ್ಯಾರೆ. ಇಷ್ಟೊಂದು ಓದಿದ್ದೀಯ."

"ತೆಗೀಬಹುದಾ?"

"ಆಕಾಕೆ ಬತ್ತದೆ. ತೆಗ್ಯಾಕೆ ಯಾರಿಗೂ ಬರಕಿಲ್ಲ."

ಬಸ್ ಸ್ಟಾಪಿನಲ್ಲಿ ನಿಂತಾಗ ನಾನೇ ಕೇಳಿಕೊಂಡೆ, ಬೈಯಿರಿ, ಪ್ಲೀಸ್, ಎಷ್ಟು ಬೇಕಾದರೂ ಬೈಯಿರಿ ಎಂದು.

"ಬೈದ್ರ ಹೋಗತೈತೇನ್ರಿ?" ಎಂದು ಬಸ್ಸು ಬರುವ ದಿಕ್ಕಿಗೆ ನೋಡಿದರು.

ಮೊದಲು ಪೆನ್ಸಿಲ್ ಅಳಿಸಿಹೋದರೆ ಅಲ್ಲಿ ಬರೀ ಚರ್ಮ ಇರುತ್ತಿತ್ತು. ಸ್ಟೌವಿನ ಜ್ವಾಲೆ ಹಾರಿತ್ತು ಅಂದರೆ ಜನ ಅಯ್ಯೋ ಪಾಪ ಅನ್ನುತ್ತಿದ್ದರು. ಈಗ ಅಳಿಸಿದರೆ ಹಸಿರು. ಅದಕ್ಕೆ ಹೇಳಿಕೊಳ್ಳುವ ಕತೆಯೂ ಇಲ್ಲ. ಹಾಗಾಗಿ ಹಸಿರಿನ ಮೇಲೆ ದಪ್ಪನಾಗಿ ಕಪ್ಪು ತೀಡಿ, ಆ ದಪ್ಪಕ್ಕೆ ಸರಿಹೋಗಲೆಂದು ಎಡಗಡೆಗೂ ತೀಡಿಕೊಂಡು ಹೋಗುತ್ತಿದ್ದರು. ಒಂದು ಹುಬ್ಬು ಬರೆಯುತ್ತಿದ್ದವರಿಗೆ ನಾನು ಎರಡು ಬರೆಯುವ ಕೆಲಸ ಕೊಟ್ಟಿದ್ದೆ. ಮಧ್ಯಾಹ್ನ ಒದ್ದೆ ಕರ್ಚೀಫ್ ಮತ್ತೆ ಬಂತು. ಹುಡುಗಿಯರು ಈಗ ಏನನ್ನುತ್ತಾರೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆಕೆ ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಬರದಿದ್ದರೆ ಸಾಕು ಎಂದೂ ಒಳಗೊಳಗೇ ಆಸೆಪಟ್ಟಿದ್ದೆ. ಒಂದು ಶನಿವಾರ, ಅರ್ಧ ದಿನದ ಸ್ಕೂಲು ಮುಗಿಸಿಕೊಂಡು ನೇರ ನಮ್ಮ ಮನೆಗೆ ಬಂದರು. ಕುರ್ಚಿಯಲ್ಲಿ ಗಿರಾಕಿ ಇದ್ದರು. ಅವರು ಹೋಗುವವರೆಗೂ ಸ್ಟೂಲಿನ ಮೇಲೆ ಕೂತಿದ್ದು, ಆಮೇಲೆ ಎದ್ದು ಬೇಸಿನ್ ಕಡೆ ಕೈ ತೋರಿಸಿದರು.

"ಬಾಯಾರ, ಇಲ್ಲೆ ಮಾರಿ ತೊಳಕೊಳ್ಳಲೇನ್ರಿ?"

ನಾನು ಟವೆಲ್ ಹುಡುಕುವ ನೆಪದಲ್ಲಿ ಆ ಕಡೆ ತಿರುಗಿದೆ.

"ನಿಮ್ಮ ಮುಂದ ಎಂಥ ನಾಚಿಕಿ ಬಿಡ್ರಿ" ಅಂದರು. "ನೀವ ಮಾಡಿದ್ದಲ್ಲೇನ್ರಿ ಇದು?"

ಕೈಗಡಿಯಾರ ಬಿಚ್ಚಿ ಕಿಟಕಿಯ ಮೇಲಿಟ್ಟರು. ಸೋಪು ತೆಗೆದುಕೊಂಡು ಕಿವಿಯ ಹಿಂದಿನವರೆಗೂ ನೊರೆ ಮಾಡಿದರು. ಎರಡೂ ಕೈಯ ಬೊಗಸೆಯಲ್ಲಿ ನೀರು ತುಂಬಿ ಮುಖಕ್ಕೆ ಎರಚಿಕೊಂಡರು, ಮತ್ತೆ ತುಂಬಿದರು. ಕಪ್ಪು ನೀರು ಬೇಸಿನ್‌ನಲ್ಲಿ ಸುತ್ತಿ ಇಳಿದುಹೋಯಿತು. ಬಲಗಡೆಯ ಒದ್ದೆ ಹುಬ್ಬು ಕಿಟಕಿಯ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತಿತ್ತು. ಆಮೇಲಿನ ಶನಿವಾರವೂ ಬಂದರು, ಅದರ ಮುಂದಿನದೂ. ಟ್ರಾನ್ಸ್‌ಫರ್ ಆಗುವವರೆಗೆ ಎರಡು ವರ್ಷ ಹಾಗೇ ನಡೆಯಿತು. ನಾನು ಒಗೆದ ಟವೆಲ್ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದೆ. ಅವರು ಬೇಗ ಮುಗಿಸುತ್ತಿರಲಿಲ್ಲ.