ಕುಂತ ಗಾಡಿ

ಬೆಳಿಗ್ಗೆ ಎದ್ದವನು ಮೊದಲು ಹಲ್ಲುಜ್ಜಬೇಕು, ಇಲ್ಲವೇ ದೇವರಿಗೆ ಕೈ ಮುಗಿಯಬೇಕು. ನಾನು ಎರಡನ್ನೂ ಬಿಟ್ಟು ಲುಂಗಿಯಲ್ಲೇ ಲಿಫ್ಟ್ ಹತ್ತಿ ಕೆಳಗಿನ ಪಾರ್ಕಿಂಗಿಗೆ ಓಡುತ್ತಿದ್ದೆ. ಹಿಂದಿನ ಸಂಜೆ ನೆಟ್ಟಗೆ ನಿಲ್ಲಿಸಿ ಬಂದ ಗಾಡಿ ಬೆಳಗಾಗುವಷ್ಟರಲ್ಲಿ ಕುಸಿದು ಕೂತಿರುತ್ತಿತ್ತು. ಚಕ್ರಕ್ಕೂ ಅದರ ಮೇಲಿನ ತಗಡಿಗೂ ನಡುವೆ ಬೆರಳು ತೂರಿಸಿ ನೋಡುತ್ತಿದ್ದೆ. ನಾಲ್ಕು ಬೆರಳು ಹಿಡಿಸಿದರೆ ಹೋದ ಜೀವ ಬಂದ ಹಾಗೆ. ಎರಡೇ ಹಿಡಿಸಿದರೆ ಎದೆ ಧಸಕ್ಕೆನ್ನುತ್ತಿತ್ತು. ಅಷ್ಟರಲ್ಲಿ ಮೂರನೇ ಮಹಡಿಯ ಬಾಲ್ಕನಿಯಿಂದ ನನ್ನ ಅಕ್ಕ ಕೂಗಿ ಕೇಳುತ್ತಿದ್ದಳು:

“ಕುಂತೈತೇನೋ?”

ನನಗೆ ಮೈಯೆಲ್ಲ ಉರಿಯುತ್ತಿತ್ತು. ವಾಚ್‌ಮನ್ ಎದುರಿಗೆ, ಹಾಲಿನ ಪ್ಯಾಕೆಟ್ ಒಯ್ಯಲು ಬಂದ ನೆರೆಮನೆಯವರ ಎದುರಿಗೆ ಈಕೆ ಹೀಗೆ ನನ್ನ ಮಾನ ಹರಾಜು ಹಾಕಬೇಕೇ? “ಕುಂತೈತಿ” ಎಂದು ಗೊಣಗಿ, ತಲೆ ಎತ್ತದೆ ಮೇಲೆ ಬರುತ್ತಿದ್ದೆ. ಅಕ್ಕನಿಗೆ ನನ್ನನ್ನು ಚೇಷ್ಟೆ ಮಾಡುವ ಚಾಳಿ ಮೊದಲಿನಿಂದಲೂ ಇತ್ತು. ಇದೂ ಅದೇ ಅಂದುಕೊಂಡಿದ್ದೆ.

ಗಾಡಿ ಕೊಂಡದ್ದು ನನ್ನದೇ ಹುಚ್ಚು, ಬೇರೆ ಯಾರನ್ನೂ ದೂರುವಂತಿಲ್ಲ. ಸುಲ್ತಾನ್ ಬಜಾರಿನಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಅಷ್ಟೇ ಮಾಲು. ಮನೆ ಹಿಮಾಯತ್‌ನಗರದಲ್ಲಿ. ನಮ್ಮ ಹಿಂದಿನ ಗಲ್ಲಿಯ ಬಿಲ್ಡರ್ ಒಬ್ಬರ ಮನೆಗೆ ಸೀರೆ ತೋರಿಸಲು ಹೋದಾಗಲೆಲ್ಲ ಅವರ ಕಾಂಪೌಂಡಿನ ಬೇವಿನ ಮರದ ಕೆಳಗೆ ಅದು ಧೂಳು ಹೊದ್ದು ನಿಂತಿರುತ್ತಿತ್ತು. ವಿಲಾಯತಿ ಗಾಡಿ. ಗುಡ್ಡ ಹತ್ತುತ್ತದಂತೆ, ಹೊಳೆ ದಾಟುತ್ತದಂತೆ. ಒಳಗೆ ಚರ್ಮದ ಸೀಟು, ಬಾಗಿಲ ಒಳಮೈಗೆ ನಯವಾದ ಕಟ್ಟಿಗೆಯ ಪಟ್ಟಿ. ರಿಪೇರಿ ಮಾಡಿಸಿ ಮಾಡಿಸಿ ಸೋತುಹೋದ ಬಿಲ್ಡರ್ ಒಂದು ದಿನ, ಎರಡು ಹೊಸ ಸ್ಕೂಟರಿನ ರೊಕ್ಕ ಕೊಟ್ಟು ಒಯ್ಯಿರಿ ಮಾರಾಯರೇ ಅಂದರು. ನಾನು ಮನೆಯಲ್ಲಿ ಯಾರನ್ನೂ ಕೇಳದೆ ಹೂಂ ಅಂದುಬಿಟ್ಟೆ. ಹೆಂಡತಿ ಎರಡು ದಿನ ಮಾತು ಬಿಟ್ಟಳು. ಅಕ್ಕ ಬಾಲ್ಕನಿಯಿಂದ ಬಗ್ಗಿ ನೋಡಿ, ಆನೆ ತಂದಿದ್ದೀ, ಇನ್ನು ಅದರ ಹೊಟ್ಟೆಗೆ ಹಾಕುವವನು ನೀನೇ ಎಂದಳು.

ಹೊಟ್ಟೆಗೆ ಹಾಕುವುದೇನು, ಅದರ ರೋಗ ಹಿಡಿಯುವುದರಲ್ಲೇ ನನಗೆ ಸಾಕುಸಾಕಾಯಿತು. ಈ ಗಾಡಿಗೆ ಕಬ್ಬಿಣದ ಸ್ಪ್ರಿಂಗ್ ಇಲ್ಲ. ನಾಲ್ಕು ಚಕ್ರಕ್ಕೂ ಒಂದೊಂದು ರಬ್ಬರಿನ ಗಾಳಿಚೀಲ. ಎಂಜಿನ್ ಚಾಲೂ ಮಾಡಿದರೆ ಒಂದು ಕಂಪ್ರೆಸರ್ ಅವಕ್ಕೆ ಗಾಳಿ ತುಂಬಿ ಗಾಡಿಯನ್ನು ಮೇಲೆತ್ತುತ್ತದೆ. ಬೇಕೆಂದಾಗ ಕೆಳಗಿಳಿಸಲು ಒಂದು ಬಟನ್ ಕೂಡ ಇತ್ತು, ಆದರೆ ನಾನು ಕೊಳ್ಳುವ ಹೊತ್ತಿಗೇ ಅದು ಸತ್ತಿತ್ತು. ಬಟನ್ ಸತ್ತರೇನು, ಗಾಡಿ ತಾನಾಗಿಯೇ ಇಳಿಯುತ್ತಿತ್ತು. ಎಲ್ಲೋ ಗಾಳಿ ಸೋರುತ್ತಿತ್ತು. ನಾನು ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಮಲಗಿ, ಗಡ್ಡ ಹೆರೆಯುವ ಬ್ರಷ್ಷಿನಿಂದ ಪೈಪುಗಳಿಗೆಲ್ಲ ಸಾಬೂನಿನ ನೊರೆ ಬಳಿದು ಎಲ್ಲಿ ಗುಳ್ಳೆ ಏಳುತ್ತದೆ ಎಂದು ನೋಡುತ್ತಿದ್ದೆ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಏಳುತ್ತಿತ್ತು.

ಕಂಪನಿಯ ಶೋರೂಮಿಗೆ ಹೋಗುವ ತಾಕತ್ತು ನನಗಿಲ್ಲ. ಲಿಂಗಂಪಲ್ಲಿಯ ಹತ್ತಿರ ತಗಡಿನ ಶೆಡ್ ಹಾಕಿಕೊಂಡಿದ್ದ ಒಬ್ಬ ಮುದಿ ಮೆಕಾನಿಕ್ ಸಿಕ್ಕರು. ಎಲ್ಲರೂ ಅವರನ್ನು ಉಸ್ತಾದ್ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಗುಜರಿಗೆ ಬಂದ ಇಂಥದೇ ಗಾಡಿಯೊಂದರಿಂದ ಕಂಪ್ರೆಸರ್ ಬಿಚ್ಚಿ ತಂದು ಹಾಕಿದರು, ಕಿಟಕಿಯ ಮೋಟಾರ್ ಹಾಕಿದರು, ಒಡೆದ ದೀಪಕ್ಕೆ ಗಾಜು ಹೊಂದಿಸಿದರು. ಗಾಳಿಚೀಲದ ಮಾತು ಬಂದಾಗ ಮಾತ್ರ ಪ್ರತಿ ಸಲ ತಲೆ ಅಲ್ಲಾಡಿಸಿ, “ಹವಾ ಪೇ ಭರೋಸಾ ನಕ್ಕೋ ಕರೋ ಭಾಯಿ” ಎನ್ನುತ್ತಿದ್ದರು. ಗಾಳಿಯನ್ನು ನಂಬಬೇಡ, ಕಬ್ಬಿಣದ ಸ್ಪ್ರಿಂಗ್ ಹಾಕಿಸಿಕೋ, ಜೀವನಪೂರ್ತಿ ನಿಶ್ಚಿಂತೆ ಎಂದು ಅವರ ಉಪದೇಶ. ವಿಲಾಯತಿ ಗಾಡಿಗೆ ಲಾರಿಯ ಸ್ಪ್ರಿಂಗೇ ಎಂದು ನಾನು ಮೂಗು ಮುರಿಯುತ್ತಿದ್ದೆ.

ಹೀಗಿರುವಾಗ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಳು.

ಅಕ್ಕನ ಬಗ್ಗೆ ಎರಡು ಮಾತು ಹೇಳಲೇಬೇಕು. ಆಕೆ ಮದುವೆಯಾಗಲಿಲ್ಲ. ಅವ್ವ ತೀರಿದ ಮೇಲೆ ಕಲಬುರ್ಗಿಯಿಂದ ನನ್ನ ಕೈ ಹಿಡಿದುಕೊಂಡು ಈ ಊರಿಗೆ ಬಂದವಳು. ಅಂಗಡಿ ಅಂದರೆ ಆಕೆಯೇ. ಸೀರೆಗೆ ಫಾಲ್ ಹಚ್ಚುತ್ತ ಗಾದಿಯ ಮೂಲೆಯಲ್ಲಿ ಕೂತಿರುತ್ತಿದ್ದಳು. ನಮ್ಮ ಕಡೆಯ ಹೆಣ್ಣುಮಕ್ಕಳು ಅಂಗಡಿಯ ಮೆಟ್ಟಿಲು ಹತ್ತುವಾಗಲೇ, ಅಕ್ಕೋರು ಅದಾರೇನ್ರಿ ಎಂದು ಕೇಳುತ್ತಿದ್ದರು. ಆಕೆ ಇಲ್ಲ ಅಂದರೆ ಅರ್ಧದಷ್ಟು ಮಂದಿ ನಾಳೆ ಬರುತ್ತೇವೆ ಎಂದು ಹೊರಟುಹೋಗುತ್ತಿದ್ದರು. ದಿನವಿಡೀ ತೆಲುಗು, ಹಿಂದಿ ಮಾತಾಡಿ ದಣಿದ ಬಾಯಿಗಳಿಗೆ ಆಕೆಯ ಹತ್ತಿರ ಬಿಡುವು ಸಿಗುತ್ತಿತ್ತು.

ಆಪರೇಶನ್ ಆಯಿತು, ವಾಕರ್ ಬಂತು. ತಗ್ಗಿನಲ್ಲಿ ಕೂರಬಾರದು, ಎತ್ತರ ಹತ್ತಬಾರದು, ಕುಲುಕಾಟ ಕೂಡದು ಎಂದು ಡಾಕ್ಟರು ತಾಕೀತು ಮಾಡಿದರು. ಮೂರು ತಿಂಗಳು ಅಕ್ಕ ಮನೆಯಲ್ಲೇ ಉಳಿದಳು. ಮೊದಲ ತಿಂಗಳು ಸಾರಿಗೆ ಉಪ್ಪು ಕಡಿಮೆ, ರೊಟ್ಟಿ ದಪ್ಪ ಎಂದು ಹೆಂಡತಿಯನ್ನು ಬೈದಳು. ಎರಡನೆಯ ತಿಂಗಳು ಬೈಯುವುದು ಕಡಿಮೆಯಾಯಿತು. ಮೂರನೆಯದರಲ್ಲಿ ತಟ್ಟೆಗೆ ಏನು ಹಾಕಿದರೂ ಸುಮ್ಮನೆ ಉಂಡು ಕಿಟಕಿಯ ಕಡೆ ತಿರುಗುತ್ತಿದ್ದಳು. ನನಗೆ ನಿಜವಾಗಿಯೂ ದಿಗಿಲಾಯಿತು. ಬೈಯದ ಅಕ್ಕನನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹೇಗಾದರೂ ಈಕೆಯನ್ನು ಮತ್ತೆ ಅಂಗಡಿಗೆ ಮುಟ್ಟಿಸಬೇಕು, ಇಲ್ಲದಿದ್ದರೆ ಕಳೆದುಕೊಳ್ಳುತ್ತೇವೆ ಎಂದು ಹೆಂಡತಿ ಅಂದಳು.

ಆಟೋದಲ್ಲಿ ಪ್ರಯತ್ನಿಸಿದೆವು, ಗಲ್ಲಿಯ ತಿರುವಿನ ಮೊದಲ ಗುಂಡಿಗೇ ನೋವಿನಿಂದ ತುಟಿ ಕಚ್ಚಿದಳು. ನೆರೆಯವರ ಸಣ್ಣ ಕಾರಿನಲ್ಲಿ ಕೂತವಳು ಮೇಲೇಳಲಾರದೆ ಅತ್ತುಬಿಟ್ಟಳು. ಕೊನೆಗೆ ಆಕೆಯೇ, ನಿನ್ನ ಆನೆಯಲ್ಲಿ ಕೂಡಿಸು ನೋಡೋಣ ಎಂದಳು. ಮರುದಿನ ಬೆಳಿಗ್ಗೆ ಆಕೆಯನ್ನು ಲಿಫ್ಟಿನಲ್ಲಿ ಕೆಳಗಿಳಿಸಿದೆವು. ತೋಳು ಹಿಡಿಯಲು ಹೋದರೆ ಗದರಿದಳು.

“ಮುಟ್ಟಬ್ಯಾಡ. ಆ ಕಡಿ ಮಾರಿ ಮಾಡಿ ನಿಂದ್ರು.”

ತಾನು ಒದ್ದಾಡುವುದನ್ನು ಯಾರೂ ನೋಡಬಾರದು ಎಂಬ ಹಟ. ನಾನು ಗೋಡೆಯ ಕಡೆ ತಿರುಗಿ ನಿಂತೆ. ಮನಸ್ಸಿನಲ್ಲಿ ನೂರರ ತನಕ ಎಣಿಸೋಣ ಅಂದುಕೊಂಡಿದ್ದೆ, ಮೂವತ್ತು ಮುಟ್ಟುವ ಮೊದಲೇ ಬಾಗಿಲು ಹಾಕಿದ ಸದ್ದಾಯಿತು. ತಿರುಗಿ ನೋಡಿದರೆ ಅಕ್ಕ ಮಹಾರಾಣಿಯ ಹಾಗೆ ಸೀಟಿನಲ್ಲಿ ಕೂತಿದ್ದಳು! ಎಷ್ಟಾದರೂ ವಿಲಾಯತಿ ಚರ್ಮದ ಸೀಟು, ಅಗಲವಾಗಿದೆ, ಮೆತ್ತಗಿದೆ ಎಂದು ನಾನು ಬೀಗಿದೆ.

ಅಲ್ಲಿಂದ ದಿನವೂ ಅದೇ ಪಾಠ. ಅಕ್ಕ ಕೂರುತ್ತಾಳೆ, ನಾನು ಎಂಜಿನ್ ಚಾಲೂ ಮಾಡುತ್ತೇನೆ, ಗಾಡಿ ಗುರ್ ಎಂದು ನಿಧಾನ ಮೇಲೇಳುತ್ತದೆ, ನನ್ನ ಎದೆ ಸ್ವಲ್ಪ ಹಗುರಾಗುತ್ತದೆ. ಅಂಗಡಿಯ ಹಿಂದಿನ ಅಂಗಳದಲ್ಲಿ ಮಾಲು ಇಳಿಸುವ ಕಲ್ಲುಕಟ್ಟೆ ಇದೆ. ಅದಕ್ಕೆ ಒತ್ತಿ ನಿಲ್ಲಿಸಿದರೆ ಅಕ್ಕ ನೇರ ಕಟ್ಟೆಯ ಮೇಲೆ ಕಾಲಿಡುತ್ತಿದ್ದಳು, ಸಂಜೆ ನಾನು ಎಂಜಿನ್ ಚಾಲೂ ಮಾಡಿ ಗಾಡಿ ಎತ್ತರಿಸಿದ ಮೇಲೆ ಅಲ್ಲಿಂದಲೇ ಹತ್ತುತ್ತಿದ್ದಳು. ವಾರದಲ್ಲೇ ಗಿರಾಕಿಗಳು ತಿರುಗಿ ಬಂದರು. ರೊಟ್ಟಿ ಮತ್ತೆ ದಪ್ಪವಾಯಿತು, ಸಾರಿಗೆ ಮತ್ತೆ ಉಪ್ಪು ಕಡಿಮೆಯಾಯಿತು. ಹೆಂಡತಿ ಬೈಸಿಕೊಂಡು ಒಳಗೊಳಗೇ ನಗುತ್ತಿದ್ದಳು.

ಒಂದೇ ಒಂದು ಕಿರಿಕಿರಿ. ಸಂಜೆ ಮನೆಗೆ ಬಂದು ಎಂಜಿನ್ ಬಂದ್ ಮಾಡಿದ ಮೇಲೆ ಅಕ್ಕ ತಕ್ಷಣ ಇಳಿಯುತ್ತಿರಲಿಲ್ಲ. “ಕೂಡೋ ಸ್ವಲ್ಪ” ಎನ್ನುತ್ತಿದ್ದಳು. ಅರ್ಧ ತಾಸು ಆ ಪಾರ್ಕಿಂಗಿನಲ್ಲಿ ಕೂರಬೇಕು. ಇವತ್ತು ಬಂದವರ ಸೊಸೆಯ ಸುದ್ದಿ, ಕಲಬುರ್ಗಿಯಲ್ಲಿ ನಾನು ಚಿಕ್ಕವನಿದ್ದಾಗ ಬಾವಿಗೆ ಚೆಂಬು ಬೀಳಿಸಿದ ಸುದ್ದಿ, ಎಲ್ಲ ಬರುತ್ತಿತ್ತು. ನನ್ನ ಕಿವಿ ಮಾತ್ರ ಚಕ್ರದ ಕಡೆ. ಸುಸ್ ಎಂದು ಗಾಳಿ ಹೋಗುವ ಸಣ್ಣ ಸದ್ದು. ಗಾಡಿ ಕೂದಲೆಳೆಯಷ್ಟು, ಕೂದಲೆಳೆಯಷ್ಟು ಇಳಿಯುವುದು ನನ್ನ ಬೆನ್ನಿಗೇ ತಿಳಿಯುತ್ತಿತ್ತು. ಪಾಪ, ದಣಿದಿರುತ್ತಾಳೆ ಎಂದು ಸುಮ್ಮನಿರುತ್ತಿದ್ದೆ.

ಒಂದು ದಿನ ಅಂಗಡಿಗೆ ಹೋಗುವಾಗ, ನಾರಾಯಣಗುಡದ ಹತ್ತಿರ, ನಡುರಸ್ತೆಯಲ್ಲಿ ಢಬ್ ಎಂದಿತು. ಮುಂದಿನ ಬಲಗಡೆಯ ಚೀಲ ಒಡೆದು ಗಾಡಿ ಒಂದೇ ಪೆಟ್ಟಿಗೆ ಆ ಮಗ್ಗುಲಿಗೆ ಕುಸಿಯಿತು. ಚಕ್ರ ತಗಡಿಗೆ ಉಜ್ಜಿ ರಬ್ಬರ್ ಸುಟ್ಟ ವಾಸನೆ. ಹಿಂದೆ ಬಸ್ಸಿನವನ ಹಾರ್ನು, ಪಕ್ಕದಲ್ಲಿ ಬೈಕಿನವರ ಬೈಗುಳ. ಅಕ್ಕ ನನ್ನ ಮೊಣಕೈ ಮುಟ್ಟಿ, ಕುಂತರೆ ಕುಂತಿತು ಬಿಡು ಎಂದಳು. ಆಕೆಗೇನು ಗೊತ್ತು? ಇದೇ ಫ್ಲೈಓವರಿನ ಮೇಲೆ, ವೇಗದಲ್ಲಿ ಆಗಿದ್ದರೆ? ಆಕೆಯ ಸೊಂಟದ ಒಳಗಿನ ಆ ಲೋಹದ ಕೀಲು ಏನಾಗುತ್ತಿತ್ತು? ಮರುದಿನವೇ ಗಾಡಿಯನ್ನು ಎಳೆಸಿಕೊಂಡು ಲಿಂಗಂಪಲ್ಲಿಗೆ ಹೋಗಿ, ನಾಲ್ಕಕ್ಕೂ ಕಬ್ಬಿಣವೇ ಹಾಕಿಬಿಡಿ ಉಸ್ತಾದ್ ಎಂದೆ.

ನಾಲ್ಕು ದಿನದ ಕೆಲಸ. ಭಾನುವಾರ ಗಾಡಿ ತಂದು ನಿಲ್ಲಿಸಿದೆ. ಸೋಮವಾರ ಬೆಳಿಗ್ಗೆ ಇಳಿದು ನೋಡಿದರೆ ಇಡೀ ಅಂಗೈಯೇ ಹಿಡಿಸುತ್ತದೆ! ಇಷ್ಟು ದಿನದ ಮೇಲೆ ಮೊದಲ ಸಲ ನಾನು ಹಲ್ಲುಜ್ಜುವಾಗ ಹಾಡು ಗುನುಗಿದೆ. ಆ ದಿನ ಬಾಲ್ಕನಿಯಿಂದ ಪ್ರಶ್ನೆ ಬಂದಾಗ ಕೇಳಿಸದವನ ಹಾಗೆ ಇದ್ದೆ. ಕೆಳಗೆ ಬಂದ ಮೇಲೆ ತಾನೇ ನೋಡಲಿ ಎಂಬ ಜಂಬ.

ಅಕ್ಕ ವಾಕರ್ ಹಿಡಿದು ಬಂದಳು. ನಾನು ಅಭ್ಯಾಸದಂತೆ ಗೋಡೆಯ ಕಡೆ ತಿರುಗಿದೆ. ಮೂವತ್ತು ಎಣಿಸಿದೆ. ಐವತ್ತಾಯಿತು. ಬಾಗಿಲು ಹಾಕಿದ ಸದ್ದಿಲ್ಲ. ಎಂಬತ್ತಕ್ಕೆ ತಡೆಯಲಾರದೆ ತಿರುಗಿದೆ. ಅಕ್ಕ ಗಾಡಿಗೆ ಬೆನ್ನು ಮಾಡಿ ನಿಂತಿದ್ದಳು. ಒಂದು ಕೈ ಹಿಂದೆ ಚಾಚಿ ಸೀಟಿಗಾಗಿ ತಡಕುತ್ತಿದ್ದಳು, ಕುರ್ಚಿ ಅಲ್ಲೇ ಇದೆ ಎಂದು ನಂಬಿದವರು ತಡಕುವ ಹಾಗೆ. ಸೀಟು ಆಕೆಯ ಬೆನ್ನಿನ ನಡುವಿಗಿತ್ತು.

“ಇವತ್ತ ಯಾಕ ಕುಂತಿಲ್ಲೋ ಇದು?”

“ಇನ್ನ ಕುಂದ್ರಂಗಿಲ್ಲಕ್ಕಾ. ಪಕ್ಕಾ ರಿಪೇರಿ ಆತು.”

ಆಕೆ ಗಾಡಿಯನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿದಳು. ಚಲೋ ಆಯಿತು ಬಿಡು ಎಂದು, ವಾಕರ್ ತಿರುಗಿಸಿ ಲಿಫ್ಟಿನ ಕಡೆ ನಡೆದಳು.

ನಾನು ಎಂಥ ಹೆಡ್ಡ ಎಂದು ನನಗೆ ತಿಳಿದದ್ದು ಆ ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ. ಬೆಳಿಗ್ಗೆ ಕುಸಿದ ಗಾಡಿಯ ಸೀಟು ಸರಿಯಾಗಿ ಆಕೆಯ ಸೊಂಟದ ಮಟ್ಟಕ್ಕೆ ಬಂದಿರುತ್ತಿತ್ತು. ಬೆನ್ನು ಮಾಡಿ ಕೂತು ಕಾಲು ಒಳಗೆಳೆದುಕೊಂಡರೆ ಆಯಿತು. ಸಂಜೆ ಅರ್ಧ ತಾಸು ಸುದ್ದಿ ಹೇಳುತ್ತ ಕೂರುತ್ತಿದ್ದುದು ದಣಿವಿಗಲ್ಲ, ಅದು ಇಳಿಯಲಿ ಎಂದು. ನಾನು ಗೋಡೆ ನೋಡುತ್ತ, ಚಕ್ರ ನೋಡುತ್ತ ಇಷ್ಟು ದಿನ ಕಳೆದಿದ್ದೆ. ಆಕೆ ಕೂರುವುದನ್ನು ಒಮ್ಮೆಯೂ ನೋಡಿರಲಿಲ್ಲ.

ಮೇಲೆ ಹೋದೆ. ಅಕ್ಕ ಕಿಟಕಿಯ ಹತ್ತಿರ ಕೂತಿದ್ದಳು, ಅಂಗಡಿಯ ಚೀಲ ತೊಡೆಯ ಮೇಲೇ ಇತ್ತು. ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಒಂದು ಮಾತು ಹೇಳಬಾರದಾಗಿತ್ತೇ ಎಂದು ರೇಗಿದೆ. ಆಕೆ ಚೀಲದ ಹಿಡಿಕೆ ನೇವರಿಸುತ್ತ ನಿಧಾನ ಅಂದಳು:

“ದಿನಾ ಮುಂಜಾನೆ ಅದು ಎದ್ದು ನಿಂತಿರ್ಲಿ ಅಂತ ನೀ ಬೇಡಕೋತಿದ್ದಿ. ಕುಂತಿರ್ಲಿ ಅಂತ ನಾ ಮ್ಯಾಲ ನಿಂತು ಬೇಡಕೋತಿದ್ದೆ. ಹೆಂಗ ಹೇಳ್ಲೋ ನಿನಗ?”

ಅಂಗಡಿಯ ಬೀಗ ತೆಗೆಯದೆ ನೇರ ಲಿಂಗಂಪಲ್ಲಿಗೆ ಗಾಡಿ ಓಡಿಸಿದೆ. ದಾರಿಯುದ್ದಕ್ಕೂ ಒಂದೇ ಚಿಂತೆ, ಹಳೆಯ ಚೀಲಗಳನ್ನು ಉಸ್ತಾದ್ ಗುಜರಿಗೆ ಹಾಕಿಬಿಟ್ಟಿದ್ದರೆ? ಇಲ್ಲ, ಶೆಡ್ಡಿನ ಮೊಳೆಗೆ ನೇತುಹಾಕಿದ್ದರು. ವಿಷಯ ಹೇಳಿದೆ. ವಾಸಿಯಾದ ರೋಗ ವಾಪಸ್ ಕೇಳಲು ಬಂದ ಮೊದಲ ಗಿರಾಕಿ ನೀನು ಎಂದು ಮೊದಲು ನಕ್ಕರು. ಆಮೇಲೆ ಅಕ್ಕನ ವಯಸ್ಸು ಕೇಳಿದರು, ಸೊಂಟದ ಬಗ್ಗೆ ಕೇಳಿದರು, ಮತ್ತೆ ನಗಲಿಲ್ಲ. ಕಬ್ಬಿಣ ಬಿಚ್ಚಿ ಹಿಂದಕ್ಕೆ ಹಳೆಯ ಚೀಲಗಳನ್ನೇ ಕೂಡಿಸಿದರು, ಮುಂದಿನ ಎರಡಕ್ಕೆ ಗುಜರಿ ಗಾಡಿಯ ಗಟ್ಟಿ ಚೀಲ ಹುಡುಕಿ ಹಾಕಿದರು, ಒಡೆದು ಬೀಳುವ ಭಯ ಬೇಡ ಎಂದು. ಸತ್ತ ಬಟನ್ನಿಗೆ ಒಂದು ದಿನ ಪೂರ್ತಿ ತಡಕಾಡಿದರು, ಅದು ಬದುಕಲಿಲ್ಲ. ಹಾಗಾಗಿ ಪೈಪುಗಳು ಕೂಡುವಲ್ಲಿ ಮೊದಲಿಂದ ಸೋರುತ್ತಿದ್ದ ಒಂದು ಸಣ್ಣ ಜಾಗವನ್ನು ಮುಟ್ಟದೆ ಹಾಗೇ ಬಿಟ್ಟರು.

ಕೆಲಸ ಮುಗಿದ ದಿನ ಸಂಜೆ ಗಾಡಿ ತಂದು ಪಾರ್ಕಿಂಗಿನಲ್ಲಿ ನಿಲ್ಲಿಸಿದೆ. ಬಾಗಿಲು ತೆಗೆದು ಕಿವಿಯಿಟ್ಟು ಕೇಳಿದೆ. ಸದ್ದಿಲ್ಲ. ಉಸ್ತಾದ್ ಬಿಗಿ ಮಾಡುವ ಭರದಲ್ಲಿ ಅದನ್ನೂ ಬಿಗಿ ಮಾಡಿಬಿಟ್ಟರೇ?

ಬೆಳಿಗ್ಗೆ ಲುಂಗಿಯಲ್ಲೇ ಕೆಳಗೆ ಓಡಿದೆ. ಬಗ್ಗಿ ಚಕ್ರದ ಮೇಲೆ ಬೆರಳು ತೂರಿಸಿದೆ. ಒಂದು ಹಿಡಿಸಿತು, ಎರಡು ಹಿಡಿಸಿತು, ಮೂರನೆಯದು ಹೋಗಲಿಲ್ಲ. ಕೈ ತೆಗೆಯದೆ ಹಾಗೇ ಕೂತೆ.

“ಕುಂತೈತೇನೋ?”

ತಲೆ ಎತ್ತಿ ನೋಡಿದೆ. ಅಕ್ಕ ಎರಡೂ ಕೈಯಿಂದ ಬಾಲ್ಕನಿಯ ಕಂಬಿ ಗಟ್ಟಿಯಾಗಿ ಹಿಡಿದಿದ್ದಳು. ಚೀಲ ಆಗಲೇ ಹೆಗಲಲ್ಲಿತ್ತು.

“ಕುಂತೈತಕ್ಕಾ” ಎಂದು ಇಡೀ ಗಲ್ಲಿಗೆ ಕೇಳುವಂತೆ ಕೂಗಿದೆ.