ಚಕವಾ ಹತ್ತಿದವರನ್ನು ಕರೆಯುವ ಬಗೆ

ದೆವ್ವಗಳ ವಿಷಯದಲ್ಲಿ ನಾನು ಮಾಲು ಕಣ್ಣಿಗೆ ಬೀಳುವ ತನಕ ದರ ಹೇಳದ ಮನುಷ್ಯ. ಇವೆ ಎನ್ನುವವರ ಜೊತೆ ಚಹಾ ಕುಡಿದಿದ್ದೇನೆ, ಇಲ್ಲ ಎನ್ನುವವರ ಜೊತೆಗೂ ಕುಡಿದಿದ್ದೇನೆ; ಇಬ್ಬರೂ ಗಿರಾಕಿಗಳೇ. ಆಡಿನ ಸಂತೆಯಲ್ಲಿ ಹಗ್ಗ ಹಿಡಿದು ನಿಲ್ಲುವುದರಿಂದ ಶುರುಮಾಡಿ ನಿಪ್ಪಾಣಿಯಲ್ಲಿ ಒಣದ್ರಾಕ್ಷಿಯ ಸ್ವಂತ ಅಂಗಡಿ ಇಡುವವರೆಗೆ ಬಂದವನಿಗೆ ಗಿರಾಕಿಯ ನಂಬಿಕೆಯನ್ನು ಕೆಣಕುವಷ್ಟು ಪುರುಸೊತ್ತು ಎಲ್ಲಿಯದು?

ಆದರೆ ಮಧ್ಯಾಹ್ನ ವ್ಯಾಪಾರ ತಣ್ಣಗಾದಾಗ ಮೊಬೈಲಿನಲ್ಲಿ ದೇಶದೇಶಗಳ ಕಿನ್ನರಿ, ಯಕ್ಷಿ, ಪಿಶಾಚಿಗಳ ಕತೆ ಓದುವುದು ನನ್ನ ಚಟ. ಓದಿದಷ್ಟೂ ಇವರು ಸಂತೆಯಲ್ಲಿ ಕಂಡ ಜನವೇ ಅನ್ನಿಸುತ್ತದೆ. ಉತ್ತರದ ಹಿಮದ ನಾಡುಗಳಲ್ಲಿ ಒಬ್ಬ ಕಾಡಿನ ಹೆಂಗಸಿದ್ದಾಳೆ. ಮುಂದಿನಿಂದ ಅಪ್ಸರೆ, ಬೆನ್ನು ಮಾತ್ರ ಟೊಳ್ಳು ಬಿದ್ದ ಮರದ ಹಾಗೆ. ಅರಬರ ಮರುಭೂಮಿಯ ಪಿಶಾಚಿ ಯಾವ ವೇಷ ಹಾಕಿದರೂ ಕಾಲು ಕತ್ತೆಯದೇ. ನಮ್ಮವಳ ಪಾದ ಹಿಂದುಮುಂದು. ಆದ್ದರಿಂದ ನನ್ನ ಸಲಹೆ: ಏನನ್ನೇ ಕೊಳ್ಳಿ, ಮುಖ ನೋಡಿ ಕೊಳ್ಳಬೇಡಿ. ಸುತ್ತು ಹಾಕಿ ಬೆನ್ನು ನೋಡಿ, ಬಗ್ಗಿ ಕಾಲು ನೋಡಿ. ಆಡಿಗೂ ಇದೇ ಮಾತು, ಹಳೆಯ ಗಾಡಿಗೂ ಇದೇ ಮಾತು. ಐರ್ಲೆಂಡಿನ ಕಿನ್ನರಿಯರ ಮನೆಯಲ್ಲಿ ಒಂದು ತುತ್ತು ತಿಂದವನು ಮರಳಿ ಬರಲಾರನಂತೆ. ಪುಕ್ಕಟೆ ಸ್ಯಾಂಪಲ್ಲಿನ ಬಗ್ಗೆ ಇಷ್ಟು ಸ್ಪಷ್ಟವಾಗಿ ಯಾರೂ ಎಚ್ಚರಿಸಿದ್ದನ್ನು ನಾನು ಕಂಡಿಲ್ಲ.

ಇವರಲ್ಲೆಲ್ಲ ನನಗೆ ನಿಜವಾಗಿ ಅಂಜಿಕೆ ಹುಟ್ಟಿಸುವುದು ದಾರಿ ತಪ್ಪಿಸುವ ಜಾತಿ. ಇಂಗ್ಲೆಂಡಿನಲ್ಲಿ ರೈತ ತನ್ನದೇ ಹೊಲದಲ್ಲಿ ಗೇಟು ಕಾಣದೆ ಸುತ್ತುತ್ತಾನೆ; ಕೋಟನ್ನು ಒಳಗು ಹೊರಗು ಮಾಡಿ ತೊಟ್ಟರೆ ಬಿಡುಗಡೆ. ರಷ್ಯಾದ ಅಡವಿಯಲ್ಲಿ ಎಡಗಾಲಿನ ಬೂಟು ಬಲಗಾಲಿಗೆ ಹಾಕಬೇಕು. ನಮ್ಮ ಚಿಕ್ಕೋಡಿ, ಅಥಣಿ ಕಡೆ ಅದರ ಹೆಸರು ಚಕವಾ. ಮರಾಠಿಯಿಂದ ಬಂದ ಹೆಸರು. ಯಾವ ಗಡಿ ಚೌಕಿಯಲ್ಲೂ ಅದನ್ನು ತಡೆದವರಿಲ್ಲ. ಚಕವಾ ಮೈಮೇಲೆ ಬರುವುದಿಲ್ಲ, ರಕ್ತ ಕುಡಿಯುವುದಿಲ್ಲ. ನಿಮ್ಮದೇ ಕಬ್ಬಿನಲ್ಲಿ ನಿಮ್ಮನ್ನು ತಿರುಗಿಸುತ್ತದೆ, ಅಷ್ಟೆ. ಅದು ಹತ್ತಿತೆಂದು ಗೊತ್ತಾದ ಕೂಡಲೇ ನಡೆಯುವುದನ್ನು ಬಿಟ್ಟು ಕುಳಿತುಬಿಡಬೇಕು ಎಂದು ಹಿರಿಯರು ಹೇಳುತ್ತಾರೆ. ಯಾರಾದರೂ ಕರೆದರೆ ಓಗೊಡಬಾರದು. ಚಕವಾ ಮನೆಯವರ ದನಿಯಲ್ಲಿಯೇ ಕರೆಯುತ್ತದೆ; ಆದರೆ ಒಂದೇ ಕಡೆ ನಿಂತು ಮೂರು ಸಲ ಕರೆಯುವುದು ಅದಕ್ಕೆ ಸಾಧ್ಯವಿಲ್ಲವಂತೆ.

ಹೋದ ವರ್ಷ ಕಬ್ಬು ಕಡಿಯುವ ದಿನಗಳಲ್ಲಿ ದ್ರಾಕ್ಷಿ ಖರೀದಿಯ ಮಾತಿಗೆಂದು ಅಥಣಿ ಕಡೆಯ ಐಗಳಿ ಊರಿಗೆ ಹೋಗಿದ್ದೆ. ಅಲ್ಲಿ ನನ್ನ ಅಕ್ಕ ಚಂದ್ರವ್ವ ಮಗ ಸೊಸೆಯ ಜೊತೆ ಇದ್ದಾಳೆ. ಅವಳಿಗೆ ಹೊಲಕ್ಕಿಂತ ಆಡುಗಳ ಮೇಲೆ ಜೀವ. ಬೆಳಿಗ್ಗೆಯಿಂದ ಅವಳ ಕರಿ ಆಡಿಗೆ ನಾನು ಕೇಳಿದ ದರಕ್ಕೆ ಅವಳು ಕಿವಿಯನ್ನೇ ಕೊಟ್ಟಿರಲಿಲ್ಲ. ಇಳಿಹೊತ್ತಿನಲ್ಲಿ ಆ ಆಡು ಕಬ್ಬಿನೊಳಗೆ ನುಗ್ಗಿತು. ಅಕ್ಕ ಹಿಂದೆ ಹೋದಳು. ಸ್ವಲ್ಪ ಹೊತ್ತಿಗೆ ಸೊಸೆ ಸುರೇಖಾ ಬದುವಿನಿಂದ ನನ್ನನ್ನು ಕೂಗಿದಳು.

"ಮಾವಾರ, ಆಡ ಬಂತ್ರಿ. ಅತ್ತಿ ಬರಲಿಲ್ಲ."

ಆ ಕಬ್ಬು ಆಳಿನ ಎರಡರಷ್ಟು ಎತ್ತರ. ಅದರಾಚೆ, ಹಾಳು ಬಾವಿಯ ಕಡೆಯ ಹೊಲದಲ್ಲಿ, ಕಡಿಯುವವರು ರವದಿ, ಅಂದರೆ ಕಬ್ಬು ಕಡಿದ ಮೇಲೆ ಉಳಿದ ಒಣ ಗರಿ, ಸುಡಲು ಬೆಂಕಿ ಹಚ್ಚಿದ್ದರು. ಗಾಳಿ ನಮ್ಮ ಕಡೆಗೆ ತಿರುಗಿತ್ತು. ಒಳಗೆ ಮನುಷ್ಯರಿದ್ದಾರೆಂದು ಗೊತ್ತಾಗಿ ಅವರು ಹಸಿ ಟೊಂಗೆಗಳಿಂದ ಬಡಿಯತೊಡಗಿದ್ದರೂ ಬೆಂಕಿ ಬದು ದಾಟಿ ಬರುವ ಲಕ್ಷಣವಿತ್ತು.

ನಾನೂ ಸುರೇಖಾಳೂ ಒಳಗೆ ಹೊಕ್ಕೆವು. ಕಬ್ಬಿನ ಸಾಲಿನೊಳಗೆ ನಿಂತವರಿಗೆ ಗೊತ್ತು, ಅಲ್ಲಿ ಶಬ್ದಕ್ಕೆ ದಿಕ್ಕಿಲ್ಲ. ಒಣ ಗರಿ ಒಂದಕ್ಕೊಂದು ಉಜ್ಜುವ ಸಪ್ಪಳ ಯಾರೋ ಹಿಂದೆ ಸೀರೆ ಎಳೆಯುತ್ತ ನಡೆದ ಹಾಗೆ ಇರುತ್ತದೆ. ತಿರುಗಿದರೆ ಯಾರೂ ಇಲ್ಲ. ಗರಿ ಮಾತ್ರ ಅಲ್ಲಾಡುತ್ತಿರುತ್ತದೆ. "ಯಕ್ಕಾ" ಎಂದು ಒಂದು ಕೂಗು ಹಾಕುವುದು, ಮುಂದೆ ಓಡುವುದು, ಮತ್ತೆ ಒಂದು ಕೂಗು. ಉತ್ತರವಿಲ್ಲ. ಹೊಗೆ ಸಾಲುಗಳ ನಡುವೆ ನೆಲದ ಮೇಲೇ ಹರಿದು ಬರುತ್ತಿತ್ತು.

ಸುರೇಖಾ ತಟ್ಟನೆ ನಿಂತಳು. "ಮಾವಾರ, ನಾವ ಕರಿಯೂದು ತಪ್ಪಾಗೇತ್ರಿ. ಇಲ್ಲೊಂದು ಅಲ್ಲೊಂದು ಕರದ್ರ ಅತ್ತಿ ಓ ಅನ್ನಾಂಗಿಲ್ಲ. ಚಕವಾ ಅಂತ ತಿಳ್ಕೊಂಡು ಬಾಯಿಗಿ ಸೆರಗ ಇಟ್ಕೊಂಡು ಕುಂತಿರತಾರ."

ಇಷ್ಟು ಹೊತ್ತು ನಾವು ಚಕವಾದ ಕೆಲಸವನ್ನೇ ಅಚ್ಚುಕಟ್ಟಾಗಿ ಮಾಡಿದ್ದೆವು. ಒಂದೇ ಕಡೆ ನಿಂತು ಮೂರು ಸಲ ಕರೆದೆ. ಕಾದೆ. ಗರಿಯ ಸಪ್ಪಳ ಬಿಟ್ಟರೆ ಏನೂ ಇಲ್ಲ. ಬಾವಿಯ ಕಡೆ ಬೆಂಕಿ ಚಟಚಟ ಎನ್ನುತ್ತಿತ್ತು.

ಆಗ ನನ್ನ ತಲೆಗೆ ಹೊಳೆದದ್ದು ನನ್ನ ಕಸುಬು ಒಂದೇ. ಗಂಟಲು ಹರಿಯುವ ಹಾಗೆ ಒದರಿದೆ: "ಯಕ್ಕಾ, ನಿನ್ನ ಕರಿ ಆಡು ಕೊಗನೊಳ್ಳಿ ವ್ಯಾಪಾರಿಗೆ ಅರ್ಧಾ ರೇಟಿಗೆ ಕೊಟ್ಟೇನಿ. ಗಾಡಿ ಹತ್ತಸಾಕತ್ತಾರ."

ಕೂಡಲೇ ಎಡಕ್ಕೆ, ಕೈಯಳತೆಯಷ್ಟು ಹತ್ತಿರದಿಂದ:

"ಯಾರ ಆಡಂತ ಕೊಟ್ಟಿಯೋ, ಮಣ್ಣಗೂಡ್ಲಿ ನಿನ್ನ ವ್ಯಾಪಾರಾ."

"ಹಲ್ಲ ಉದುರಿದ ಆಡಿಗೆ ಅದ ಹೆಚ್ಚಾತು ಬಿಡ."

"ನಿಲ್ಲ, ನಿನ್ನ ಹಲ್ಲ ಉದುರಸ್ತೀನಿ. ಹಗ್ಗ ಬಿಡಸ ಮೊದಲ."

ನಾನು ದರ ಇಳಿಸುತ್ತ ಹೋದೆ, ಅವಳು ಬೈಯುತ್ತ ಬಂದಳು. ಆ ಬೈಗುಳದ ದಾರಿ ಹಿಡಿದೇ ಮೂವರೂ ಬದುವಿಗೆ ಬಿದ್ದೆವು. ಹಿಂದೆ ಅವಳು ಕುಳಿತಿದ್ದ ಕಡೆಯ ಕಬ್ಬು ಹತ್ತಿಕೊಂಡಿತು. ಅಕ್ಕ ತಿರುಗಿ ನೋಡಲಿಲ್ಲ. ಮೊದಲು ಆಡಿನ ಮೈ ಸವರಿದಳು.

ಕಟ್ಟೆಯ ಮೇಲೆ ಕುಳಿತು ನೀರು ಕುಡಿಯುವಾಗ ಕೇಳಿದಳು: "ತಮ್ಮಾ, ಮೊದಲ ಬಾವಿ ಕಡೆ ಯಾರ ನಿಂತಿದ್ರು?"

"ನಮ್ಮಾವ್ರ ಯಾರೂ ಇಲ್ಲ. ಅಲ್ಲಿ ಬೆಂಕಿ ಇತ್ತ."

"ಅದ ಅಂದ್ನಿ." ತಂಬಿಗೆ ಕೆಳಗಿಟ್ಟಳು. "ಅಲ್ಲಿಂದ ಕರೀತು. ನಿಂದ ದನಿ. ಒಂದ ಕಡೆ ನಿಂತು ಮೂರ ಸಲ ಕರೀತು. 'ಯಕ್ಕಾ, ದಣದೀದಿ, ಸಾವಕಾಶ ಬಾ, ನಾ ಇಲ್ಲೆ ಅದೀನಿ' ಅಂತು. ಅದಕ್ಕ ಆಮ್ಯಾಗ ನೀ ಮೂರ ಸಲ ಕರದ್ರೂ ನಂಬಲಿಲ್ಲ."

"ಮತ್ತ ಮೊದಲನೇದ್ದಕ್ಕ ಯಾಕ ಎದ್ದ ಹೋಗಲಿಲ್ಲ?"

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಆಡಿನ ದರ ಕಟ್ಟುವಾಗ ನೋಡುವ ಹಾಗೆ. "ಹುಟ್ಟಿದಾಗಿಂದ ನಿನ್ನ ನೋಡೇನಿ. ಒಂದರ ದಿನಾ ಹಂಗ ಕರದೀಯೇನ ನನ್ನ?"

ಸುರೇಖಾ ನಕ್ಕಳು. ನನಗೆ ನಗು ಬರಲಿಲ್ಲ. ಹೊಗೆಯಲ್ಲಿ ಕಿವಿ ಮೋಸ ಹೋಗುತ್ತದೆ ಎಂದು ಬುದ್ಧಿವಂತರು ಹೇಳುತ್ತಾರೆ. ಆ ದರವನ್ನು ನಾನು ಅಲ್ಲಗಳೆಯುವುದಿಲ್ಲ, ಒಪ್ಪಿಕೊಂಡೂ ಇಲ್ಲ. ಬೆಂಕಿಯ ಕಡೆ ನಿಂತು ಅಷ್ಟು ಅಕ್ಕರೆಯಿಂದ ಕರೆದವರು ಯಾರು ಎಂಬುದೊಂದು ಇತ್ಯರ್ಥವಾಗಬೇಕು.

ಅಂದಿನಿಂದ ಅಕ್ಕನ ಜೊತೆ ಮೆತ್ತಗೆ ನಾಲ್ಕು ಮಾತಾಡಬೇಕೆಂದು ಎಷ್ಟೋ ಸಲ ಫೋನು ಎತ್ತಿದ್ದೇನೆ. ಆದರೆ ಅದು ಇನ್ನೊಮ್ಮೆ ಅಕ್ಕರೆಯಿಂದ ಕರೆದರೆ ನಾನಲ್ಲವೆಂದು ಅವಳಿಗೆ ಗುರುತು ಸಿಗಬೇಕಲ್ಲ. ಹೀಗಾಗಿ "ಏನ ಮುದಕಿ, ಇನ್ನೂ ಅದೀ?" ಎಂದೇ ಶುರುಮಾಡುತ್ತೇನೆ. ಆ ಕಡೆಯಿಂದ ಬೈಗುಳ ಬರುವ ತನಕ ಫೋನನ್ನು ಕಿವಿಗೆ ಒತ್ತಿಕೊಂಡು ಕಾಯುತ್ತೇನೆ.