ಸೋಮವಾರ ಬರಲಿದ್ದ ಟೈರು

ಹೋದ ವಾರ ಮಹದೇವಪುರದ ಅಂಗಡಿಯೊಂದರಲ್ಲಿ ನನ್ನ ಬೈಕಿಗೆ ಹಿಂದಿನ ಟೈರು ನೋಡುತ್ತಾ ನಿಂತಿದ್ದೆ. ಹೊಸ ರಬ್ಬರಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಅದರ ಹಿಂದೆಯೇ ಅವರು ಬಂದು ನಿಂತಂತಾಯಿತು... ಜಾಲಹಳ್ಳಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರ್ ಅಂಕಲ್.

ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದವರು, ಮಹಡಿಯಲ್ಲಿ ಒಬ್ಬರೇ ಇದ್ದರು. ಎಲ್ಲಿಗೇ ಆಗಲಿ, ನಡೆದೋ ಬಸ್ಸಿನಲ್ಲೋ ಹೋಗುತ್ತಿದ್ದರು. ಸ್ಕೂಟರಾಗಲಿ ಬೈಕಾಗಲಿ ಹತ್ತಿದ್ದನ್ನು ನಾನು ಕಂಡಿರಲಿಲ್ಲ. ಆದರೆ ರಜೆಯಲ್ಲಿ ನಾನು ಬೈಕಿನಲ್ಲಿ ದೂರ ಹೊರಟಾಗಲೆಲ್ಲ ಕೆಳಗಿಳಿದು ಬಂದು, ಕುಕ್ಕರುಗಾಲಲ್ಲಿ ಕೂತು, ಎರಡೂ ಟೈರುಗಳ ಮೇಲೆ ಹೆಬ್ಬೆರಳಾಡಿಸಿ ನೋಡುತ್ತಿದ್ದರು. "ಹೂಂ, ಹೋಗ್ಬಾ" ಅಂದ ಮೇಲೆಯೇ ನಾನು ಹೊರಡುತ್ತಿದ್ದುದು.

ಒಮ್ಮೆ ಹಾಗನ್ನಲಿಲ್ಲ. "ಹಿಂದಿಂದು ಸವೆದೋಗಿದೆ ಕಣಪ್ಪ, ಬದಲಾಯ್ಸು" ಎಂದರು. ಶನಿವಾರ ಗೆಳೆಯರ ಜೊತೆ ಚಾರ್ಮಾಡಿ ಘಾಟಿಗೆ ಹೊರಡುವುದಿತ್ತು. ಗುರುವಾರವೇ ಪೀಣ್ಯದ ಟೈರಿನ ಅಂಗಡಿಗೆ ಹೋದೆ. ಅಂಕಲ್ ನನ್ನ ಹಿಂದೆ ಕೂರಲು ಒಪ್ಪದೆ ಆಟೋದಲ್ಲಿ ಬಂದರು.

ನನ್ನ ಬೈಕಿನ ಅಳತೆಯ ಟೈರು ಒಂದೇ ಇತ್ತು. ತಯಾರಾದ ವಾರ, ವರ್ಷ ತಿಳಿಸುವ ಅಂಕಿಗಳು ಅದರ ಪಕ್ಕದಲ್ಲಿ ಅಚ್ಚೊತ್ತಿದ್ದವು. ಅಂಕಲ್ ಕನ್ನಡಕ ಏರಿಸಿ ಓದಿದರು. "ಐದು ವರ್ಷದ ಮಾಲಿದು. ರಬ್ಬರ್ ಗಟ್ಟಿಯಾಗಿರತ್ತೆ, ಮಳೇಲಿ ಹಿಡಿಯಲ್ಲ."

"ನೆರಳಲ್ಲೇ ಇಟ್ಟಿದ್ದು ಸಾರ್, ಏನೂ ಆಗಲ್ಲ. ಹೊಸದೇ ಬೇಕಂದ್ರೆ ಸೋಮವಾರ ಬರತ್ತೆ" ಅಂದ ಅಂಗಡಿಯವನು.

"ಒಂದೇ ಒಂದು ಟ್ರಿಪ್ ತಾನೇ ಅಂಕಲ್" ಎಂದೆ. ಅವರು ನನ್ನನ್ನು ಹೊರಗೆ ಕರೆದರು. ನನ್ನ ಮುಖ ನೋಡದೆ, ರಸ್ತೆ ನೋಡುತ್ತಾ ಹೇಳಿದರು: "ನಾನೂ ಹಂಗೇ ಅಂದಿದ್ದೆ. ಇದೊಂದ್ಸಲ ಹೋಗ್ಬರೋಣ, ಆಮೇಲೆ ಟೈರ್ ಹಾಕ್ಸೋಣ ಅಂತ. ಹಿಂದೆ ಅವಳು ಕೂತಿದ್ಲು... ನಂಗೆ ಒಂದು ಗೀರೂ ಆಗ್ಲಿಲ್ಲ ನೋಡು."

ತೀರಿಹೋದ ಹೆಂಡತಿಯ ಮಾತು ಅವರ ಬಾಯಲ್ಲಿ ಕೇಳಿದ್ದು ಅದೊಂದೇ ಸಲ. ಸೋಮವಾರದವರೆಗೆ ಕಾಯುತ್ತೇನೆ ಎಂದು ಮಾತು ಕೊಟ್ಟೆ.

ಶುಕ್ರವಾರ ಒಬ್ಬನೇ ಹೋಗಿ ಅದೇ ಹಳೆಯ ಟೈರು ಹಾಕಿಸಿದೆ. ಶನಿವಾರ ಅವರು ಏಳುವ ಮೊದಲೇ ಬೈಕನ್ನು ರಸ್ತೆಯ ತುದಿಯವರೆಗೆ ತಳ್ಳಿಕೊಂಡು ಹೋಗಿ ಸ್ಟಾರ್ಟ್ ಮಾಡಿದೆ.

ಏನೂ ಆಗಲಿಲ್ಲ. ಘಾಟಿಯಲ್ಲಿ ಮಳೆ ಹಿಡಿಯಿತು, ತಿರುವೊಂದರಲ್ಲಿ ಹಿಂದಿನ ಚಕ್ರ ಕೊಂಚ ಜಾರಿತು, ಅಷ್ಟೇ. ಭಾನುವಾರ ಸಂಜೆ ಮರಳಿದಾಗ ಅಂಕಲ್ ಗೇಟಿನ ಬಳಿ ನಿಂತಿದ್ದರು. ಎದುರುಮನೆಯ ಅಕ್ಕ, "ನೆನ್ನೆಯಿಂದ ಇಲ್ಲೇ ಇದಾರೆ ಕಣ್ರೀ, ಊಟಕ್ಕೆ ಕರೆದ್ರೂ ಬರ್ಲಿಲ್ಲ" ಎಂದರು. ಅಂಕಲ್ ಬಗ್ಗಿ ಟೈರಿನ ಅಂಕಿಗಳ ಮೇಲೆ ಬೆರಳಿಟ್ಟರು. "ಬಂದ್ಯಲ್ಲ, ಸಾಕು" ಎಂದು ಮೆಟ್ಟಿಲು ಹತ್ತಿದರು.

ಮರುದಿನವೇ ಹೊಸ ಟೈರು ಹಾಕಿಸಿಕೊಂಡು ಬಂದು ಕೂಗಿದೆ. "ಇನ್ನು ನೀನೇ ನೋಡ್ಕೊಳಪ್ಪ" ಎಂದು ಮೇಲಿನಿಂದಲೇ ಹೇಳಿದರು. ಮತ್ತೆಂದೂ ಕೆಳಗಿಳಿದು ಬರಲಿಲ್ಲ. ಆಮೇಲೆ ನಾನು ಮಾರತ್ತಹಳ್ಳಿಗೆ ಮನೆ ಬದಲಿಸಿದೆ. ಹೋಗಿ ತಪ್ಪಾಯಿತು ಅನ್ನಬೇಕು, ಈ ಭಾನುವಾರ, ಮುಂದಿನ ಭಾನುವಾರ ಅನ್ನುತ್ತಲೇ ವರ್ಷಗಳು ಕಳೆದವು... ಅವರು ತೀರಿಕೊಂಡದ್ದು ನನಗೆ ತಿಳಿದದ್ದು ತಿಂಗಳಾದ ಮೇಲೆ.

ಹೋದ ವಾರ ಟೈರು ಹಾಕಿಸಿದವನು ಮನೆಗೆ ಹೋಗಲಿಲ್ಲ. ಊರಿನ ಆ ತುದಿಗೆ, ಜಾಲಹಳ್ಳಿಗೆ ಹೋದೆ. ಮಹಡಿಯಲ್ಲಿ ಯಾರೋ ಹೆಂಗಸು ಬಟ್ಟೆ ಒಣಹಾಕುತ್ತಿದ್ದರು. "ಯಾರು ಬೇಕಿತ್ತು ಸಾರ್?" ಎಂದು ಬಗ್ಗಿ ಕೇಳಿದರು.

ಅಂಕಲ್ ಹೆಸರು ನಾಲಿಗೆಯ ತುದಿಗೆ ಬಂದಿತ್ತು. "ಯಾರೂ ಇಲ್ಲ ಮೇಡಂ" ಎಂದು ಬೈಕು ತಿರುಗಿಸಿದೆ.